ಗಂಟು ಮುಚ್ಚಿದ ತೊಲೆ

ಕೇಶ್ವಾಪುರ, ಹುಬ್ಬಳ್ಳಿ
೨೩ ಜನವರಿ ೨೦೨೫, ಗುರುವಾರ

ಫಾರೂಕರೇ, ಸಲಾಂ.

ಅಮ್ಮಿಯ ಮನೆಯಲ್ಲಿ ಕ್ಷೇಮವಾಗಿದ್ದೇನೆ ಎಂದು ಬರೆಯುವುದಿಲ್ಲ; ಸಿಟ್ಟಿನಲ್ಲಿದ್ದೇನೆ. ಫೋನ್ ಮಾಡಿದರೆ ನೀವು ಒಂದು ಕಿವಿ ಗಿರಾಕಿಗೆ ಕೊಟ್ಟು ನನಗೆ ‘ಹ್ಞೂಂ, ಹ್ಞೂಂ’ ಅನ್ನುತ್ತೀರಿ. ಕಾಗದದ ಮುಂದೆ ಆ ಆಟ ನಡೆಯುವುದಿಲ್ಲ. ಕೂತು ಓದಿ.

ಪೈನ್ ತೊಲೆಗಳನ್ನು ಕಣ್ಣಿನಿಂದಲೇ ಪರೀಕ್ಷಿಸಿ, ಯಾವುದು ಭಾರ ಹೊರುತ್ತದೆ, ಯಾವುದು ಹೊರುವುದಿಲ್ಲ ಎಂದು ದರ್ಜೆ ಹಾಕುವುದನ್ನು ಕಲಿಯಲು ನನ್ನನ್ನು ಧಾರವಾಡದ ತರಬೇತಿಗೆ ಕಳಿಸಿದವರು ಯಾರು? ನೀವೇ. ‘ರಾಯಾಪುರದಾಗ ಯಾವ ಕಟ್ಟಿಗಿ ಡಿಪೋದಾಗೂ ಇಂಥಾಕಿ ಇಲ್ಲರಿ’ ಎಂದು ಬಂದವರಿಗೆಲ್ಲ ಹೇಳಿಕೊಂಡವರೂ ನೀವೇ. ಅಲ್ಲಿ ಮೊದಲ ದಿನ ಉದಯಕುಮಾರ ಸರ್ ಒಳ್ಳೆಯದೊಂದು ಹಲಗೆ ಆರಿಸಿ ಎಂದಾಗ ನಾನು ನುಣುಪಾದದ್ದನ್ನು ಎತ್ತಿಕೊಟ್ಟೆ. ಅವರು ಅದರ ಮೇಲೆ ಸೂಜಿಮೊನೆ ಎಳೆದು ತೋರಿಸಿದರು. ಮರದ ಎಳೆ ಉದ್ದಕ್ಕೆ ಓಡದೆ ಅಂಚಿನತ್ತ ಜಾರಿತ್ತು. ‘ಚಂದ ನೋಡಬ್ಯಾಡ್ರಿ, ಭಾರ ಎಲ್ಲಿ ಬೀಳತೈತಿ ಅದನ್ನ ನೋಡ್ರಿ’ ಎಂದರು. ನಾಲ್ಕೂ ಮುಖ ತಿರುವಿ ನೋಡದೆ ನಾನು ಅಂದಿನಿಂದ ಒಂದು ತೊಲೆಯನ್ನೂ ಪಾಸು ಮಾಡಿಲ್ಲ.

ಗರಗದ ನೀಲಕಂಠಪ್ಪನವರ ನೇಯ್ಗೆ ಶೆಡ್ಡಿಗೆ ತೆಗೆದಿಟ್ಟಿದ್ದ ತೊಲೆಗಳಲ್ಲಿ ಮೂರಕ್ಕೆ ಕೆಂಪು ಸೀಮೆಸುಣ್ಣದಿಂದ ಕಾಟು ಹೊಡೆದಿದ್ದೆ. ಅಂಚಿನಲ್ಲೇ ಮುಷ್ಟಿಯಷ್ಟು ಗಂಟು! ನಡುವೆ ಇದ್ದಿದ್ದರೆ ಯೋಚಿಸುತ್ತಿದ್ದೆ. ಅಂಚಿನ ಎಳೆಯೇ ಕಡಿದುಹೋದ ತೊಲೆಯನ್ನು ಚಾವಣಿಗೆ ಹಾಕಬಾರದು.

ಮರುದಿನ ಬಂದು ನೋಡಿದರೆ ಕಾಟೂ ಇಲ್ಲ, ಗಂಟೂ ಇಲ್ಲ. ನೀವು ಗಂಟು ಕಿತ್ತು, ಕಟ್ಟಿಗೆ ಹೊಟ್ಟಿಗೆ ಅಂಟು ಕಲಸಿ ಮೆತ್ತಿ, ಉಜ್ಜಿ, ಮೇಲೆ ಪಾಸಾದ ತೊಲೆಗೆ ಹಾಕುವ ನನ್ನ ಹೆಸರಿನ ಮುದ್ರೆ ಒತ್ತಿದ್ದಿರಿ. ನನ್ನ ಮುದ್ರೆ! ಕೇಳಿದರೆ ‘ಗಂಟು ಮುಚ್ಚೇತಲ್ಲ, ಇನ್ನೇನ ಬೇಕು ನಿನಗ?’ ಎಂದು ಹಮಾಲರ ಮುಂದೆ ನಕ್ಕಿರಿ. ನಾನು ಬ್ಯಾಗು ಎತ್ತಿಕೊಂಡು ಇಲ್ಲಿಗೆ ಬಂದೆ.

ನೀವು ಮೋಸ ಮಾಡಿದಿರಿ ಎಂದು ಅನ್ನುವುದಿಲ್ಲ. ಹೊಟ್ಟೆ ಉರಿಯುವುದೇ ಅದಕ್ಕೆ. ಮೆತ್ತಿದರೆ ಮರ ವಾಸಿಯಾಯಿತು ಎಂದು ನೀವು ನಿಜವಾಗಿಯೂ ನಂಬಿದ್ದೀರಿ! ನಿಮ್ಮ ಅಬ್ಬಾ ಕಮರುದ್ದೀನರು ಮುಚ್ಚಿದ ಗಂಟನ್ನು ನಮ್ಮ ಓಣಿಯ ಬಾಗಿಲುಗಳಲ್ಲಿ ಇಂದಿಗೂ ಯಾರೂ ಹುಡುಕಲಾರರು; ಆ ಕೈಚಳಕದ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಬಾಗಿಲು ಚಾವಣಿ ಹೊರುವುದಿಲ್ಲ. ಈ ತೊಲೆಗಳ ಕೆಳಗೆ ನೀಲಕಂಠಪ್ಪನವರ ಮನೆಯಾಕೆ ಚನ್ನಬಸವ್ವನ ಮಗ್ಗ ಬರುತ್ತದೆ. ಅಳತೆಗೆ ಹೋದಾಗ ಆಕೆ ಬಿಸಿ ರೊಟ್ಟಿ ಬಡಿದು ಹಾಕಿ, ‘ನೀ ನೋಡಿದ ಕಟ್ಟಿಗಿ ಅಂದಮ್ಯಾಲೆ ನನಗ ಅಂಜಿಕಿ ಇಲ್ಲವ್ವಾ’ ಎಂದಿದ್ದಳು. ಚಾವಣಿ ಕುಸಿದರೆ ಆಕೆಯ ತಲೆಯ ಮೇಲೆ ನನ್ನ ಹೆಸರೂ ಬೀಳುತ್ತದೆ, ಗೊತ್ತಿರಲಿ.

ಗಂಡನ ಜೊತೆ ಸೀರೆಗೋ ಬಂಗಾರಕ್ಕೋ ಜಗಳವಾಡುವವರನ್ನು ಕಂಡಿದ್ದೇನೆ, ಕಟ್ಟಿಗೆಗೆ ಜಗಳವಾಡುವವಳನ್ನು ಇವತ್ತೇ ಕಂಡೆ ಎಂದು ಅಮ್ಮಿ ನಗುತ್ತಾಳೆ. ನನಗೆ ನಗು ಬರುತ್ತಿಲ್ಲ.

ನೀವೇ ಗರಗಕ್ಕೆ ಹೋಗಿ. ಮಾಡಿದ್ದನ್ನು ನೀಲಕಂಠಪ್ಪನವರಿಗೆ ನಿಮ್ಮ ಬಾಯಿಂದಲೇ ಹೇಳಿ, ಬೇರೆ ತೊಲೆ ಕೊಡಿ. ಆಮೇಲೆ ಮುದ್ರೆಯನ್ನು ತಂದು ನನ್ನ ಕೈಗಿಡಿ. ಅಲ್ಲಿಯವರೆಗೆ ನಾನು ರಾಯಾಪುರಕ್ಕೆ ಕಾಲಿಡುವುದಿಲ್ಲ.

ಇಷ್ಟಾದರೂ ನಿಮ್ಮವಳೇ ಆದ,
ಶಾಹೀನ

ಮತ್ತೊಂದು ಮಾತು: ‘ತೊಲಿ ಇನ್ನೂ ಬಂದಿಲ್ಲಲ್ರಿ’ ಎಂದು ನೀಲಕಂಠಪ್ಪನವರು ನಿಮಗೆ ಫೋನ್ ಮಾಡಿರಬೇಕು. ಮೆಹಬೂಬನನ್ನು ಬೈಯಬೇಡಿ, ಅವನ ಟೆಂಪೊವನ್ನು ಇಲ್ಲಿಗೆ ತಿರುಗಿಸಿದವಳು ನಾನು. ಆ ಮೂರೂ ತೊಲೆ ಅಮ್ಮಿಯ ಅಂಗಳದಲ್ಲಿವೆ. ಇಳಿಸುವಾಗ ಒಂದು ತೊಲೆ ಕೈಜಾರಿ ಕಟ್ಟೆಗೆ ಬಡಿದು, ಗಂಟಿದ್ದ ಜಾಗದಲ್ಲೇ ಎರಡಾಯಿತು. ಲಕೋಟೆಯಲ್ಲಿ ಕೈಗೆ ತಾಕುತ್ತಿರುವುದು ನೀವು ಮೆತ್ತಿದ ತುಂಡು. ನೋಡಿ, ಅದರಲ್ಲಿ ಮಾತ್ರ ಒಂದು ಬಿರುಕೂ ಇಲ್ಲ.