ಮೂರು ಬಾಟಲಿ ಉಗುಳು

ಕ್ಷಯದ ವಾರ್ಡು, ಹನ್ನೊಂದನೇ ಕೋಣೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಟೀಚರಮ್ಮಾ,

ಫೋನಿನಲ್ಲಿ ಹೇಳಲು ಹೊರಟರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಈ ಕಾಗದ. ಕೆಂಪು ಪೆನ್ನು ಹಿಡಿದು ತಿದ್ದಲು ಕೂರಬೇಡ, ಇದರಲ್ಲಿರುವುದೆಲ್ಲ ತಪ್ಪೇ. ಶನಿವಾರ ಮನೆಗೆ ಬರುತ್ತೇನೆ ಎಂದಿದ್ದೆನಲ್ಲ, ಬರುವುದಿಲ್ಲ.

ಈ ಕೋಣೆ ಸೇರಿ ಎಪ್ಪತ್ತೊಂದು ದಿನವಾಯಿತು. ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ, ಸಿಟ್ಟು ಬಂದ ದಿನ ಐದು. ನಮ್ಮ ಪುಟ್ಟಿ ಹುಟ್ಟಿದ್ದು ನಾನು ಒಳಗಿರುವಾಗಲೇ. ಗಾಜಿನಾಚೆ ನೀನು ಎತ್ತಿ ತೋರಿಸಿದಾಗಲೆಲ್ಲ ಅವಳು ಅಪ್ಪನನ್ನು ಬಿಟ್ಟು ಟ್ಯೂಬ್‌ಲೈಟ್ ನೋಡುತ್ತಿದ್ದಳು. ಆ ಟ್ಯೂಬ್‌ಲೈಟ್ ಕಂಡರೂ ನನಗೆ ಹೊಟ್ಟೆಕಿಚ್ಚು ಕಣೇ. ಅವಳನ್ನು ಒಮ್ಮೆ ಎತ್ತಿಕೊಳ್ಳಬೇಕು, ಅಷ್ಟೇ ತಲೆಯಲ್ಲಿತ್ತು.

ಇಲ್ಲಿಂದ ಬಿಡಬೇಕೆಂದರೆ, ವಾರಕ್ಕೊಂದರಂತೆ ಕೊಟ್ಟ ಮೂರು ಬಾಟಲಿ ಕಫದಲ್ಲಿ ಕ್ಷಯದ ಕ್ರಿಮಿ ಕಾಣಬಾರದು. ಹದಿನೆಂಟು ವರ್ಷ ಇದೇ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಆ ಬಾಟಲಿಗಳನ್ನು ಪರೀಕ್ಷಿಸಿದವನು ನಾನು, ನೀನು ನನಗೆ ದುರ್ಬೀನು ಎಂದು ಹೆಸರಿಟ್ಟಿದ್ದೂ ಅದಕ್ಕೇ. ರೋಗಿಗಳು ಕೆಮ್ಮಲು ಸೋಮಾರಿತನ ಮಾಡಿ ಬರೀ ಉಗುಳು ತುಂಬಿಸಿದರೆ ಬೈದು ವಾಪಸ್ ಕಳಿಸುತ್ತಿದ್ದೆ. ಕ್ರಿಮಿ ಇರುವುದು ಎದೆಯಾಳದ ಕಫದಲ್ಲಿ, ಉಗುಳಿನಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಇಷ್ಟೆಲ್ಲ ಗೊತ್ತಿದ್ದ ನಾನೇ ಮೂರೂ ಬಾಟಲಿಗೆ ಉಗುಳು ತುಂಬಿಸಿದೆ. ಮೊದಲ ಸಲ ಬಾಗಿಲ ಕಡೆ ತಿರುಗಿ ನೋಡಿದ್ದೆ. ಆಮೇಲೆ ನೋಡಲಿಲ್ಲ.

ಈಗ ನನ್ನ ಜಾಗದಲ್ಲಿರುವ ಟೆಕ್ನಿಷಿಯನ್ನಮ್ಮ ನಿನಗೆ ಗೊತ್ತಲ್ಲ, ನಾನೇ ಕೆಲಸ ಕಲಿಸಿದ್ದು. ಅವಳಿಗೆ ಮೊದಲ ಬಾಟಲಿ ನೋಡಿದಾಗಲೇ ಗೊತ್ತಾಗಿತ್ತಂತೆ. ಗುರುವಿನ ಬಾಟಲಿಯನ್ನು ಹೇಗೆ ವಾಪಸ್ ಕಳಿಸುವುದೆಂದು ಎರಡು ಸಲ ‘ಕ್ರಿಮಿ ಇಲ್ಲ’ ಎಂದು ಬರೆದುಬಿಟ್ಟಳು. ನಿನ್ನೆ ಮೂರನೆಯದನ್ನು ಕೈಯಲ್ಲೇ ಹಿಡಿದು ಕಿಟಕಿಯ ಹತ್ತಿರ ಬಂದಳು. ಸರ್, ಇನ್ನು ನನ್ ಕೈಲಿ ಆಗಲ್ಲ, ನಿಮ್ಮನೇಲಿ ಕೂಸಿದೆ ಅನ್ನೋದಾದ್ರೂ ನೆನಪಿರ್ಲಿ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಅಳುತ್ತಿದ್ದಳು. ನನಗೆ ತಲೆಯೆತ್ತಲು ಆಗಲಿಲ್ಲ.

ಹೊಸ ಬಾಟಲಿ ಇಸಿದುಕೊಂಡು ಪಕ್ಕೆ ಹಿಡಿದುಕೊಳ್ಳುವಷ್ಟು ಕೆಮ್ಮಿ ಕೊಟ್ಟೆ. ಇವತ್ತು ಬೆಳಿಗ್ಗೆ ರಿಪೋರ್ಟ್ ಬಂತು. ಗಾಜಿನ ಪಟ್ಟಿಯ ಮೇಲೆ ಎಲ್ಲಿ ನೋಡಿದರೂ ಕೆಂಪು ಕಡ್ಡಿಯಂಥ ಕ್ರಿಮಿಗಳಂತೆ. ಔಷಧಿ ಬದಲಾಯಿಸುತ್ತಾರೆ. ಇನ್ನೆಷ್ಟು ತಿಂಗಳು ಎಂದು ಕೇಳಿದರೆ ಡಾಕ್ಟರು, ಮುಂದಿನ ರಿಪೋರ್ಟ್ ನೋಡಿ ಹೇಳುತ್ತೇನೆ ಎಂದರು. ಈ ನಾಲ್ಕು ಗೋಡೆ ನೋಡಿದರೆ ಉಸಿರು ಕಟ್ಟುತ್ತದೆ, ಆದರೆ ಯಾರನ್ನು ಬೈಯಲಿ?

ನಿನಗೆ ಸಿಟ್ಟು ಬರಲಿ, ಬರಲೇಬೇಕು. ಮಾತು ಮಾತ್ರ ಬಿಡಬೇಡ.

ನಿನ್ನ
ದುರ್ಬೀನು

ತಾ.ಕ.: ಇಲ್ಲಿಗೇ ಮುಗಿಸೋಣವೆಂದು ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಎರಡನೇ ರಿಪೋರ್ಟ್ ಬಂದ ದಿನ ನಮ್ಮನ್ನು ಅರ್ಧ ಗಂಟೆ ಒಟ್ಟಿಗೆ ಕೂರಲು ಬಿಟ್ಟಿದ್ದರಲ್ಲ, ನೀನು ಔಷಧಿ ಚೀಟಿ ತರಲು ಹೊರಗೆ ಹೋದೆ. ನನ್ನ ಮಾಸ್ಕ್ ಕಂಡು ಪುಟ್ಟಿ ಅಳತೊಡಗಿದಳು. ತೆಗೆದುಬಿಟ್ಟೆ. ಸುಮ್ಮನಾದಳು. ನಿನ್ನ ಹೆಜ್ಜೆ ಸದ್ದು ಕೇಳುವವರೆಗೂ ಮುಖಕ್ಕೆ ಮುಖ ಒತ್ತಿ ಮುದ್ದಾಡಿದೆ. ಈಗಲೇ ಅವಳನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಒಂದನ್ನೂ ಮುಚ್ಚಿಡದೆ ಹೇಳು. ಭಾನುವಾರ ನೀನು ಫೋನ್ ಮಾಡಿ ಪುಟ್ಟಿ ಕೆಮ್ಮುತ್ತಿದ್ದಾಳೆ ಎಂದಾಗ, ಹವೆ ಬದಲಾಗಿದೆ ಅಷ್ಟೇ ಎಂದವನೂ ನಾನೇ.