ಬಂದೂಕಿಗೊಂದು ದಿಂಬು

ಘೋಡಗೇರಿ, ತಾಲೂಕು ಹುಕ್ಕೇರಿ
ರವಿವಾರ, ೬ ಡಿಸೆಂಬರ ೧೯೩೬

ಮಗನೇ ಪರಸಪ್ಪಾ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಮೈಯಲ್ಲಿ ಆರಾಮವಾಗಿದ್ದೀಯಾ? ಚಳಿಗಾಲ ಬಂತೆಂದರೆ ನಿನಗೆ ಎದೆ ಕಟ್ಟುವುದು ಸಣ್ಣಂದಿನಿಂದಲೂ ಇದೆ. ಬೆಳಗಾವಿಯ ಪಲ್ಟನ್ನಿನವರು ಎಂಥ ಕೋಟು ಕೊಟ್ಟಿದ್ದರೂ ಒಳಗೆ ನಮ್ಮ ಕಂಬಳಿಯ ತುಂಡೊಂದನ್ನು ಎದೆಗೆ ಕಟ್ಟಿಕೋ, ನಗುವವರು ನಗಲಿ. ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಮೊಣಕಾಲು ಏಳುವಾಗೊಮ್ಮೆ ಕೂರುವಾಗೊಮ್ಮೆ ಕಟಕಟ ಎನ್ನುತ್ತದೆ, ಅಷ್ಟೇ. ನಿನ್ನ ಅವ್ವ ಫಕೀರವ್ವನ ಬಾಯಿಗಂತೂ ಯಾವ ರೋಗವೂ ಇಲ್ಲ. ಈಗಲೂ ಬಾಜೂಕ್ಕೆ ಕೂತು, “ಏನ ಪೋಥಿ-ಪುರಾಣ ಓದಿಧಂಗ ಬರೀತೀರಿ? ಮಾತಾಡಿಧಂಗ ಬರೀರಿ,” ಎನ್ನುತ್ತಿದ್ದಾಳೆ. ಹುಕ್ಕೇರಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಪಾಸಾದವನು ನಾನು. ಕುರಿ ಕರೆಯುವ ಮಾತನ್ನು ಕಾಗದದ ಮೇಲೆ ಬರೆಯಲಾದೀತೆ? ನಿನ್ನ ಹೆಂಡತಿ ಸತ್ತೆವ್ವನೂ ಚೆನ್ನಾಗಿದ್ದಾಳೆ. ಎರಡು ತಿಂಗಳಿಂದ ನಿನ್ನ ಅವ್ವ ಅವಳಿಗೆ ನೀರಿನ ಕೊಡ ಎತ್ತಲು ಬಿಟ್ಟಿಲ್ಲ. ಸೊಸೆಯನ್ನು ಹೀಗೆ ತಲೆಯ ಮೇಲೆ ಕೂರಿಸಿಕೊಂಡ ಅತ್ತೆಯನ್ನು ನಾನು ಹುಕ್ಕೇರಿ, ಗೋಕಾಕ, ಮೂಡಲಗಿ ಎಲ್ಲ ಸುತ್ತಿದರೂ ಕಂಡಿಲ್ಲ.

ಇನ್ನು ಬೈಗುಳ. ಮಂಜಿಗೆ ಮರಳಿನ ಚೀಲ ಕಲ್ಲಾಗಿದೆ, ಅದರ ಮೇಲೆ ಇಟ್ಟ ಬಂದೂಕು ಹೊಡೆದಾಗೊಮ್ಮೆ ಪುಟಿಯುತ್ತದೆ, ಗುಂಡು ಗುರಿಯ ಮೇಲಿಂದ ಹಾರಿಹೋಗುತ್ತದೆ ಎಂದು ಬರೆದಿದ್ದೀಯಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಓದುವಾಗಲೇ ಅಂದುಕೊಂಡೆ. ಆದರೂ ಈ ಹತ್ತೊಂಬತ್ತನೇ ತಾರೀಖಿನ ಪಂದ್ಯಕ್ಕೆ ಯಾರು ಬೇಕಾದರೂ ತಮ್ಮದೇ ಚೀಲ ತರಬಹುದು ಎಂದು ನಿಮ್ಮ ಸುಬೇದಾರರೇ ಹೇಳಿದ ಮೇಲೆ, ಒಳಗೆ ಏನು ತುಂಬಬೇಕೆಂದು ನನ್ನನ್ನು ಕೇಳಿದೆಯಲ್ಲ, ಅದಕ್ಕೆ ಎದೆ ಉಬ್ಬಿತು. ಗೆದ್ದವನಿಗೆ ಒಂದೋ ಗೋಡೆ ಗಡಿಯಾರ, ಇಲ್ಲವೇ ಬೇಡಿದ ತಿಂಗಳಲ್ಲಿ ರಜೆ. ಯಾವುದು ಬೇಕೆಂದು ಅಲ್ಲೇ ನಿಂತು ಹೇಳಬೇಕು, ಅಪ್ಪಾ, ಏನು ಹೇಳಲಿ ಎಂದು ಕೇಳಿದ್ದೀಯ. ಇದು ಕೇಳುವ ಮಾತೇನೋ ಹುಚ್ಚಾ? ಗಡಿಯಾರ! ಘೋಡಗೇರಿಯಲ್ಲಿ ಯಾರ ಗೋಡೆಯ ಮೇಲೂ ಗಡಿಯಾರವಿಲ್ಲ. ನಾಗರ ಪಂಚಮಿಗೆ ಬಂದು ಹೋಗಿದ್ದೀಯ, ಮುಂದಿನ ಪಂಚಮಿಗೆ ಹೇಗೂ ಬರುತ್ತೀಯ. ನಾನಾಗಲೇ ಪಡಸಾಲೆಯಲ್ಲಿ ಮೊಳೆ ಬಡಿದಾಗಿದೆ. ಯಾಕೆಂದು ಹೆಂಗಸರಿಗೆ ಹೇಳಿಲ್ಲ. ಅದು ಬಂದು ಗಂಟೆ ಬಾರಿಸಿದಾಗ ಬೆಚ್ಚಿ ಬೀಳಲಿ.

ಬಂದೂಕಿಗೆ ದಿಂಬಿನಂಥದ್ದು ಬೇಕಂತೆ ಎಂದಾಗ ನಿನ್ನ ಅವ್ವ, “ಯಾಕ್ರಿ, ಅದೂ ನಿಮ್ಮಂಗ ಉಂಡ ಮ್ಯಾಲ ಅಡ್ಡಾಗತೈತೇನ?” ಎಂದಳು. ಹೊಲದ ಬದುವಿನ ಮೇಲೆ ನಮ್ಮ ಹಂದಿ ಹೊಡೆಯುವ ಹಳೆಯ ಬಂದೂಕು ಇಟ್ಟು, ನಲವತ್ತು ಹೆಜ್ಜೆ ದೂರದ ಗೂಟಕ್ಕೆ ಒಡಕು ಗಡಿಗೆ ಕವುಚಿ, ಒಂದೊಂದೇ ಚೀಲ ತುಂಬಿ ಪರೀಕ್ಷೆಗೆ ಕೂತೆ. ಕುರುಬರ ಮನೆಯಲ್ಲಿ ಉಣ್ಣೆಗೆ ಬರವೇ? ಮೊದಲು ಉಣ್ಣೆ ತುಂಬಿದೆ. ಬಂದೂಕು ಹೊಟ್ಟೆಯವರೆಗೆ ಹೂತುಹೋಯಿತು, ಗುಂಡು ಎತ್ತ ಹೋಯಿತೋ ಆ ಯಲ್ಲಮ್ಮನೇ ಬಲ್ಲಳು. ಜಾಲಿಯ ಮರದ ಕಾಗೆಗಳು ಆ ದಿನವೆಲ್ಲ ನನ್ನನ್ನು ಬೈದವು. ನಿನ್ನ ಸೋದರಮಾವ ಯಲ್ಲಾರಿ ಗೋಕಾಕ ಫಾಲ್ಸ್ ಮಿಲ್ಲಿನಿಂದ ತ್ಯಾಜ್ಯದ ಹತ್ತಿ ತಂದ. ಅದು ಹೊಸ ಹೋರಿಯ ಹಾಗೆ ಹಿಂದಕ್ಕೆ ಒದೆಯಿತು, ನನ್ನ ಭುಜ ಇನ್ನೂ ಕಪ್ಪಾಗಿದೆ. ಗೋಕಾಕದಲ್ಲಿ ಗೊಂಬೆ ಕೆತ್ತುವವರ ಮನೆಯಿಂದ ಕಟ್ಟಿಗೆಯ ಹೊಟ್ಟು ತರಿಸಿದೆ. ಒಂದು ಗುಂಡಿಗೆ ಸರಿ, ಎರಡನೆಯದಕ್ಕೆ ಕುಡುಕನ ಹಾಗೆ ಒಂದೇ ಮಗ್ಗುಲಿಗೆ ವಾಲಿತು. ಜೋಳ ತುಂಬಿದಾಗ ಮಾತ್ರ ಗಡಿಗೆಯ ಕಂಠ ಹಾರಿತು ನೋಡು! ಭಲೇ ಎಂದು ಎದ್ದು ನಿಂತರೆ ಎದುರಿಗೆ ನಿನ್ನ ಅವ್ವ. “ಉಣ್ಣೂ ಕಾಳಿನ ಮ್ಯಾಲ ಬಂದೂಕ ಇಡತೀರೇನ್ರಿ? ದೇವರು ಕಣ್ಣ ಬಿಟ್ಟ ನೋಡತಾನ!” ನಾವಿಬ್ಬರೂ ಜಗಳ ಮುಗಿಸುವುದರೊಳಗೆ ನಮ್ಮ ಟಗರು ಚೀಲ ಹರಿದು ಅರ್ಧ ಜೋಳ ತಿಂದು ಮುಗಿಸಿತ್ತು.

ನಿನ್ನೆ ಮಧ್ಯಾಹ್ನ ನಾನು ಸೋತು ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಸತ್ತೆವ್ವ ಈ ಮನೆಗೆ ಬಂದು ಎರಡು ವರ್ಷವಾಯಿತು, ಮಾವನ ಎದುರು ನಿಂತು ಒಂದು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆ, ಅತ್ತೆಯ ಬಾಯಿ. ಅವಳು ಹೊಸ್ತಿಲ ಮೇಲೆ ಏನೋ ಇಟ್ಟು ಒಳಗೆ ಸರಿದಳು. “ಅತ್ತಿ, ಇದನ್ನೊಮ್ಮೆ ನೋಡ್ರಿ ಅಂತ ಮಾವಾರಿಗೆ ಹೇಳ್ರಿ,” ಎಂದದ್ದು ಕೇಳಿಸಿತು. ನೋಡಿದರೆ ಒಂದು ಗೇಣಿನ ಪುಟ್ಟ ದಿಂಬು, ನಿನ್ನ ಅವ್ವನ ಹಳೆಯ ಸೀರೆಯ ಮೆತ್ತನೆ ಬಟ್ಟೆ, ಒಳಗೆ ಸಾಸಿವೆ! ಪರಸಪ್ಪಾ, ಏನು ಹೇಳಲಿ! ಸಾಸಿವೆ ಮರಳಿನ ಹಾಗೆ ಹರಿದು ಬಂದೂಕಿನ ಮೈಗೆ ಕೂತುಕೊಳ್ಳುತ್ತದೆ, ಮರಳಿನ ಹಾಗೆ ಕಲ್ಲಾಗುವುದಿಲ್ಲ, ಹತ್ತಿಯ ಹಾಗೆ ಪುಟಿಯುವುದಿಲ್ಲ, ಟಗರು ಮೂಸಿ ನೋಡಿ ಮುಖ ತಿರುಗಿಸಿತು. ಮೂರು ಗುಂಡು, ಮೂರು ಗಡಿಗೆ. ಮೂರನೆಯದು ಒಡಕಿರಲಿಲ್ಲ, ಅದನ್ನು ನಿನ್ನ ಅವ್ವ ಇನ್ನೂ ಎತ್ತಿ ಆಡುತ್ತಿದ್ದಾಳೆ.

ನಿನ್ನ ಹೆಂಡತಿಯ ಬುದ್ಧಿಯನ್ನು ನೋಡು. ಬಂದೂಕಿನ ಕುತ್ತಿಗೆ ಅಲ್ಲಾಡಬಾರದೆಂದು ದಿಂಬಿನ ನಡುವೆ ತಗ್ಗು ಬಿಟ್ಟು ಹೊಲಿದಿದ್ದಾಳೆ. ನುಸಿ ಬೀಳಬಾರದೆಂದು ಒಂದು ಮೂಲೆಯಲ್ಲಿ ಬಜೆಯ ಬೇರು ಇಟ್ಟಿದ್ದಾಳೆ. ನಿನ್ನ ಗುರಿಗೆ ಯಾರ ದೃಷ್ಟಿಯೂ ತಾಗದಿರಲೆಂದು ಕರಿದಾರ ಬೇರೆ! ನಾನು ಹಿಗ್ಗಿ, “ಕೂಸನ್ನ ಕಂಕುಳಾಗ ಇಟ್ಟಕೊಂಡು ಊರೆಲ್ಲಾ ಹುಡಿಕಿಧಂಗ ಆತಲ್ಲ!” ಎಂದು ಕೂಗಿದೆ. ಅಷ್ಟಕ್ಕೇ ನಿನ್ನ ಅವ್ವ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು, ಒಳಗೆ ಸತ್ತೆವ್ವ ನಕ್ಕಳು, ಇವಳು ನಿಲ್ಲಿಸಿದರೆ ಅವಳು, ಅವಳು ನಿಲ್ಲಿಸಿದರೆ ಇವಳು. ಗಾದೆಯಲ್ಲಿ ನಗುವಂಥದ್ದು ಏನಿತ್ತೋ ನನಗಂತೂ ತಿಳಿಯಲಿಲ್ಲ.

ದಿಂಬನ್ನು ಯಲ್ಲಾರಿಯ ಕೈಯಲ್ಲೇ ಕಳಿಸುತ್ತಿದ್ದೇನೆ, ಅವನು ಇಂದು ಬೆಳಗಾವಿಗೆ ಹೊರಟಿದ್ದಾನೆ. ಒದ್ದೆ ನೆಲದ ಮೇಲೆ ಇಡಬೇಡ, ಕೆಳಗೆ ಗೋಣಿತಟ್ಟು ಹಾಸು. ಉಸಿರು ಅರ್ಧ ಬಿಟ್ಟು ಬಂದೂಕಿನ ಕುದುರೆ ಒತ್ತು. ಹಂದಿಗೆ ಹೊಡೆಯುವಾಗ ನಾನು ಕಲಿಸಿದ್ದು ನೆನಪಿದೆಯಲ್ಲ. ಗೆಲ್ಲು, ಗಡಿಯಾರ ತಾ. ನಿನ್ನ ಕೈ ಅಲುಗದಿರಲಿ, ಕಣ್ಣು ಮಂಜಾಗದಿರಲಿ ಎಂದು ಬೀರಪ್ಪನಿಗೆ ಕಾಯಿ ಒಡೆಸಿದ್ದೇನೆ. ನಿನ್ನ ಸುಬೇದಾರರಿಗೆ ನನ್ನ ರಾಮರಾಮ ತಿಳಿಸು.

ನಿನ್ನ ಅಪ್ಪ,
ಮಾಯಪ್ಪ
(ನಾಲ್ಕನೆಯ ಇಯತ್ತೆ ಪಾಸು)

ತಾ. ಕ.: ಪರಸ್ಯಾ, ಗಡಿಯಾರ ಬ್ಯಾಡ! ರಜಾ ಬೇಡು! ಯಲ್ಲಾರಿ ಬಾಗಲದಾಗ ನಿಂತು ರೈಲು ತಪ್ಪತೈತಿ ಅಂತ ಒದರಾಕತ್ತಾನ, ಪೋಥಿ ಭಾಷಾ ಹುಡುಕಾಕ ನನಗ ಪುರಸೊತ್ತಿಲ್ಲ. ಬರದದ್ದನ್ನ ಇವರಿಗೆ ಓದಿ ತೋರಸೂ ಭರದಾಗ ಗಡಿಯಾರದ ಮಾತೂ ಬಾಯಿಂದ ಬಿತ್ತು. ನಗಕೋತ ಕೇಳತಿದ್ದ ಇಬ್ಬರೂ ನಗೂದು ನಿಲ್ಲಿಸಿದ್ರು. ಸತ್ತೆವ್ವ ಬಾಗಲದ ಮರಿ ಬಿಟ್ಟು ಬಂದು ನನ್ನ ಮುಂದ ನಿಂತ್ಲು, ತಲಿ ಮ್ಯಾಲ ಸೆರಗ ಹೊತಗೊಂಡು, “ಮಾವಾ, ಗಡಿಯಾರ ಬ್ಯಾಡ್ರಿ, ಅವರು ಬರಲಿ,” ಅಂದ್ಲು. ಎರಡ ವರ್ಷಕ್ಕ ಮೊದಲನೇ ಮಾತು! “ಯಾಕವ್ವಾ?” ಅಂದೆ. ನಿಮ್ಮವ್ವ ನನ್ನ ತಲಿ ಮೊಟಕಿ, “ಸಾಸಿವಿ ದಿಂಬ ಯಾರ ತಲಿಗೆ ಇಡತಾರ, ಬಜಿ ಬೇರ ಯಾರಿಗೆ ತೇದ ನೆಕ್ಕಸತಾರ? ನಾಲ್ಕನೇ ಇಯತ್ತೆದಾಗ ಏನ ಕಲತ್ರಿ?” ಅಂದ್ಲು. ಹೌದಲೇ ಮಗನ, ನೀ ಅಪ್ಪ ಆಗಾಂವ! ಯುಗಾದಿ ಆಗಿ ಹದಿನೈದ ದಿವಸಕ್ಕಂತ. ನಿನಗ ತಿಳಸಬೇಕಂದ್ರ ಕಾಗದಾ ಬರಿಯಾಂವ ನಾನ. ಮಾವನ ಕೈಲೆ ಅದನ್ನ ಹೆಂಗ ಬರಸೂದು ಅಂತ ನಾಚಿ ಸುಮ್ನ ಇದ್ಲಂತ. ಹುಟ್ಟೂಕಿಂತ ಮದಲ ಏನೂ ಹೊಲೀಬಾರದು ಅಂತ ಅತ್ತಿ ಬೈದರೂ ಕದ್ದ ಹೊಲದು ಸಂದೂಕದಾಗ ಇಟ್ಟಿದ್ಲಂತ, ನಿನ್ನ ಸಲುವಾಗಿ ತಗದ ಕೊಟ್ಟಾಳ. ಬಾಣಂತನ ತವರಾಗ, ಮೂಡಲಗ್ಯಾಗ. ಯುಗಾದಿ ತಿಂಗಳ ಬೇಡಿ ನೆಟ್ಟಗ ಅಲ್ಲಿಗೇ ಬಾ. ಮೊಳಿ ಕೀಳೂದಿಲ್ಲ, ಅದಕ್ಕ ಕೂಸಿನ ತಲಿಗೆ ಹಾಕೂ ಕುಂಚಿಗಿ ತೂಗ ಹಾಕತೇನಿ. ಹೊಡಿ, ಗೆಲ್ಲು, ದಿಂಬ ತಗೊಂಡ ಬಾ, ಬಂದೂಕಿನ ಎಣ್ಣಿ ಹತ್ತಿಸಬ್ಯಾಡ. ದಿಂಬ ಬರದಿದ್ದರ ಕೂಸಿನ ತಲಿ ಅಜ್ಜನ ತಲಿಹಂಗ ಡೊಂಕ ಆಗತೈತಿ ಅಂತ ನಿಮ್ಮವ್ವ ಹೇಳಾಕತ್ತಾಳ.