ನಾನಿಲ್ಲದ ದಿನ ಬಿದ್ದ ವಿಮಾನ

೧೯೪೪ ಮಾರ್ಚ್ ೫, ಭಾನುವಾರ. ಜಗಳೂರು

ಎಂದಿನಂತೆ ಸಂಜೆ ಓಂಕಾರಪ್ಪ ಬಂದ. ಬಸ್ ಏಜೆಂಟ್ ಕೆಲಸ ಮುಗಿಸಿ, ಬೆವರು ಒರೆಸಿಕೊಳ್ಳುತ್ತ. ಪೇಪರಿನಿಂದ ಕತ್ತರಿಸಿಟ್ಟ ವಿಮಾನಗಳ ಚಿತ್ರಗಳನ್ನು ಚಾಪೆಯ ಮೇಲೆ ಹರಡಿದೆವು. ಹರಿಕೇನ್, ಹಡ್ಸನ್, ಹೊಸದಾಗಿ ಸಿಕ್ಕ ವೆಂಜೆನ್ಸ್. ಒಂದೇ ಇಂಜಿನ್, ಒಳಗೆ ಇಬ್ಬರು, ಹಿಂದಿನವನು ಗನ್ ಹಿಡಿದು ಬಾಲದ ಕಡೆ ಮುಖ ಮಾಡಿ ಕೂರಬಹುದು — ಹೇಳಿಕೊಟ್ಟೆ. ಬಾಯಿ ತೆರೆದು ಕೇಳಿದ.

ಮತ್ತೆ ಹಳೆಯ ಮಾತು. ಬೆಂಗಳೂರಿನಲ್ಲಿ ಓದುವಾಗ ವಿಮಾನ ಇಳಿಯುವುದನ್ನು ನೋಡಲು ನಾನು ಕ್ಲಾಸ್ ತಪ್ಪಿಸಿ ಓಡಿದ್ದು. ಅವನು ಚಿಕ್ಕವನಿದ್ದಾಗ ಸಂತೇಬೆನ್ನೂರಿನ ಹೊಂಡದ ಮೆಟ್ಟಿಲ ಮೇಲೆ ಕೂತು, ನೀರಿನ ಬಿಂಬದಲ್ಲಿ ಹಾರುವುದೇನೆಂದು ತಲೆ ಎತ್ತಿದ್ದು. ಅವನ ನೆನಪೇ ಚೆಂದ ಅನ್ನಿಸುತ್ತದೆ. ಹೇಳುವುದಿಲ್ಲ. ಆದರೆ ಸದ್ದಿನಲ್ಲೇ ವಿಮಾನದ ಹೆಸರು ಹೇಳಬಲ್ಲವನು ನಾನು. ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಬುಧವಾರ ಹೊನ್ನಾಳಿಗೆ ಪ್ರಯಾಣ. ಹೆಂಡತಿ ಶಾಂತಾದೇವಿಯ ತಮ್ಮನ ಮದುವೆ. ಹೆಡ್ಮಾಸ್ಟರು ಗೊಣಗುತ್ತಲೇ ರಜಾ ಕೊಟ್ಟರು.

ಮಾರ್ಚ್ ೧೧. ಹೊನ್ನಾಳಿ

ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಶಾಂತಾದೇವಿಯ ಸೋದರಮಾವ, ನ್ಯಾಮತಿಯ ಗಿಡ್ಡಪ್ಪ. ಅನ್ನ ಕಲಸುತ್ತ ಹೇಳಿದರು.

"ಅಳಿಯಂದ್ರೇ, ನಿಮ್ಮೂರ ಹತ್ರ ವಿಮಾನ ಬಿದ್ದೈತಂತಲ್ಲ. ಗುರುವಾರ. ಗುಡ್ಡಕ್ಕೆ ಬಡ್ದು ಸುಟ್ಟೋತಂತೆ. ಒಳಗಿದ್ದ ಇಬ್ರೂ ಹೋದ್ರಂತೆ."

ಸತ್ತವರು ಯಾರು ಎಂದು ಮೊದಲು ತೋಚಲಿಲ್ಲ ನನಗೆ. ಯಾರು ನೋಡಿದರು — ಅದೇ ತೋಚಿತು.

ನಾಳೆಯೇ ಹೊರಡೋಣ ಎಂದೆ. ಶಾಂತಾದೇವಿ ಕೇಳಲಿಲ್ಲ. "ಬೀಗರೂಟ ಬಿಟ್ಟು ಹೋದ್ರೆ ಜನ ಏನಂತಾರೆ? ಬಿದ್ದದ್ದು ಬಿದ್ದೈತೆ. ನೀವು ಹೋಗಾದ್ರೊಳಗೆ ಎದ್ದು ಹಾರಿ ಹೋಗ್ತೈತಾ?"

ಮಾರ್ಚ್ ೧೪. ಜಗಳೂರು

ಎಲ್ಲ ಹೋಗಿದೆ. ಮಿಲಿಟರಿಯವರು ಲಾರಿಯಲ್ಲಿ ಬಂದು ತಗಡಿನ ಚೂರನ್ನೂ ಬಿಡದೆ ಹೇರಿಕೊಂಡು ಹೋದರಂತೆ. ಹೆಣಗಳನ್ನೂ. ಹೆಸರು ಯಾರಿಗೂ ಹೇಳಲಿಲ್ಲವಂತೆ. ಗುಡ್ಡದ ಬುಡದಲ್ಲಿ ಕರಿ ನೆಲ, ಎಣ್ಣೆಯ ವಾಸನೆ. ಅಷ್ಟೇ.

ನೋಡಿದವನು ಓಂಕಾರಪ್ಪ.

ಬಸ್ ಸ್ಟಾಂಡಿನಲ್ಲಿ ಸುತ್ತ ಜನ. ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಸದ್ದು ಕೆಟ್ಟಿತ್ತು ಮೇಷ್ಟ್ರೇ. ನೀವು ಹೇಳಿಕೊಟ್ಟಿದ್ರಲ್ಲ, ಗೊತ್ತಾತು. ಸೈಕಲ್ ಹೊಡ್ಕಂಡು ಹೋದೆ. ಮುಂದಿನೋನು ಬಿಳಿಯ, ಆಗ್ಲೇ ಹೋಗಿದ್ದ. ಹಿಂದಿನೋನು ನಮ್ ದೇಶದೋನು. ಎಳ್ದು ಬೇವಿನ ಮರದ ನೆಳ್ಳಿಗೆ ತಂದೆ. ನೀರು ಕೇಳ್ದ. ಬೊಗಸೇಲಿ ಕುಡಿಸ್ದೆ. ಆಯಿ ಅಂದ. ಕಣ್ಮುಚ್ಚಿದ."

ಸುತ್ತಲಿದ್ದವರು ಲೊಚಗುಟ್ಟಿದರು. ಒಬ್ಬ ಅವನಿಗೆ ಟೀ ತಂದ. ನನಗೆ ಯಾರೂ ಜಾಗ ಬಿಡಲಿಲ್ಲ.

ನಾನು ಕೇಳಿದ್ದು ಒಂದೇ. ರೆಕ್ಕೆಯ ಮೇಲೆ ನಂಬರ್ ಏನಿತ್ತು? ನೋಡಲಿಲ್ಲವಂತೆ. ಕಲಿಸಿದವನು ನಾನು, ನೋಡುವುದು ಅವನಿಗೆ ಸಿಕ್ಕಿತು... ನಂಬರ್ ಕೂಡ ನೋಡದವನಿಗೆ.

ಏಪ್ರಿಲ್ ೨

ಅಮಲ್ದಾರರ ಮನೆಗೆ ಓಂಕಾರಪ್ಪನಿಗೆ ಬುಲಾವ್. ಹೆಂಗಸರೂ ಕೂತು ಕೇಳಿದರಂತೆ. ನನ್ನ ಸ್ಕೂಲಿಗೂ ಕರೆಸಿದ್ದರು ಹೆಡ್ಮಾಸ್ಟರು. ನನ್ನ ಕ್ಲಾಸಿನಲ್ಲಿ, ನನ್ನ ಬೋರ್ಡಿನ ಮುಂದೆ ನಿಂತು ಹೇಳಿದ. ಮಕ್ಕಳು ಅತ್ತರು.

ಇಂಜಿನ್ ಎಷ್ಟು ಸಿಲಿಂಡರಿನದು ಎಂದು ಎಲ್ಲರೆದುರು ಕೇಳಿದೆ. ತಡವರಿಸಿದ. "ಅದು ಮೇಷ್ಟ್ರಿಗೇ ಗೊತ್ತು" ಎಂದು ನಕ್ಕ. ಎಲ್ಲರೂ ನಕ್ಕರು. ಸಂಜೆ ಅವನು ಬಂದಾಗ ತಲೆನೋವೆಂದು ಹೇಳಿ ಕಳಿಸಿದೆ.

೧೯೪೫ ನವೆಂಬರ್ ೧೧

ಎಷ್ಟು ತಿಂಗಳಾದವು ಇಲ್ಲಿ ಬರೆದು. ಯುದ್ಧ ಮುಗಿದಿದೆ. ಸತ್ತವರ ಹೆಸರು ಕೇಳಿ ವಾಯುಪಡೆಗೆ ಮೂರು ಸಲ ಅರ್ಜಿ ಹಾಕಿದ್ದೆ. ಉತ್ತರವಿಲ್ಲ.

ಇವತ್ತು ಸಿಕ್ಕಿತು. ದಾವಣಗೆರೆಯ ರೀಡಿಂಗ್ ರೂಮಿನಲ್ಲಿ, ಹಳೆಯ ಇಂಗ್ಲಿಷ್ ಪೇಪರುಗಳ ಕಟ್ಟು ಬಿಚ್ಚಿ, ಧೂಳಿಗೆ ಸೀನುತ್ತ. ಈ ವರ್ಷದ ಮಾರ್ಚ್ ಒಂಬತ್ತರ ಪೇಪರಿನಲ್ಲಿ ವರ್ಷಾಬ್ದಿಕದ ಪ್ರಕಟಣೆ. ಮೈಸೂರು ಸೀಮೆಯಲ್ಲಿ ವಿಮಾನ ಬಿದ್ದು ತೀರಿಕೊಂಡ ಮಗ ವಿನಾಯಕ ಗದ್ರೆ, ಇಪ್ಪತ್ತೆರಡು ವರ್ಷ. ಕೊಟ್ಟವರು ತಂದೆ, ನಾಗಪುರ, ರೈಲ್ವೆ ನಿವೃತ್ತರು. ಜೊತೆಗೆ ಸತ್ತ ಪೈಲಟ್ ಆಂಡ್ರೂಸನ ಹೆಸರೂ ಇತ್ತು.

ಓಂಕಾರಪ್ಪನಿಗೆ ನೋಡಲು ಸಿಕ್ಕಿದ್ದು ಸಾವು. ಹೆಸರು ನನಗೆ ಸಿಕ್ಕಿದೆ. ಅವನಿಗೆ ಹೇಳುವುದಿಲ್ಲ. ರಾತ್ರಿಯೇ ನಾಗಪುರಕ್ಕೆ ಕಾಗದ ಬರೆದೆ.

ಡಿಸೆಂಬರ್ ೧೬

ಗದ್ರೆಯವರು ಬರುತ್ತಾರಂತೆ. ಜಾಗ ನೋಡಬೇಕಂತೆ. ಕೊನೆಯಲ್ಲಿ ಒಂದು ಸಾಲು: ಕಂಡವರು ಯಾರಾದರೂ ಇದ್ದಾರೆಯೇ?

ಇದ್ದಾನೆ. ಅವನ ಹೊರತು ಬೇರೆ ಯಾರಾದರೂ ಸಿಗಲಿ ಎಂದು ಗುಡ್ಡದ ಕಡೆಯ ಹಟ್ಟಿಗೆ ಹೋದೆ. ಸಿಕ್ಕಳು. ಉಚ್ಚಂಗಮ್ಮ. ಆ ದಿನ ಕಟ್ಟಿಗೆಗೆ ಹೋಗಿದ್ದವಳು. ಇದುವರೆಗೆ ಅವಳನ್ನು ಯಾರೂ ಕೇಳಿಯೇ ಇಲ್ಲ.

"ನೀರು ಯಾರು ಕುಡಿಸಾಕಾಗ್ತಿತ್ತು ಸ್ವಾಮಿ, ಬೆಂಕಿ ಹತ್ರಕ್ಕೇ ಬಿಡ್ಲಿಲ್ಲ. ಒಳಗೆ ಸಿಕ್ಕಂಡಿದ್ದ. ಆಯಿ, ಆಯಿ ಅಂತ ಕೂಗ್ತಿದ್ದ. ಬಸ್ಸಿನ ಏಜೆಂಟಪ್ಪ ಎಲ್ಡು ಸಲ ನುಗ್ಗಿದ, ಕೈ ಸುಟ್ಕಂಡ. ಆಮೇಲೆ ಕಿವಿ ಮುಚ್ಕಂಡು ಕುಂತ್ಬಿಟ್ಟ. ಕೂಗು ನಿಲ್ಲಾಕೆ ಬಾಳ ಹೊತ್ತು ಹಿಡೀತು."

ವಾಪಸು ಬರುವಾಗ ಹೆಜ್ಜೆ ಹಗುರವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಗುರವಾಗಿತ್ತು. ಬೇವಿನ ಮರವಿಲ್ಲ, ಬೊಗಸೆಯಿಲ್ಲ! ಆ ತಂದೆಯ ಎದುರಿಗೇ ಬಯಲಾಗಲಿ ಇದು. ಅವನನ್ನೂ ಕರೆಯುತ್ತೇನೆ. ಅವಳನ್ನೂ.

೧೯೪೬ ಫೆಬ್ರವರಿ ೧೦. ರಾತ್ರಿ

ಗದ್ರೆಯವರು ಬಂದು ಹೋದರು. ಕರಿ ಟೋಪಿ, ಉದ್ದ ಕೋಟು, ಕೈಯಲ್ಲಿ ಕೊಡೆ. ಕನ್ನಡ ಬಾರದು. ನನ್ನೊಡನೆ ಇಂಗ್ಲಿಷ್.

ಗುಡ್ಡದ ಬುಡದಲ್ಲಿ ಈಗ ಹುಲ್ಲು ಬೆಳೆದಿದೆ. ಚಪ್ಪಲಿ ಬಿಟ್ಟು ನಿಂತರು. ಓಂಕಾರಪ್ಪ ಎಂದಿನ ಕಥೆ ಹೇಳಿದ. ಧ್ವನಿ ಮಾತ್ರ ಎಂದಿನದಲ್ಲ, ಪಾಠ ಒಪ್ಪಿಸುವವನ ಹಾಗೆ. ನಾನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಆಯಿ, ಮರಾಠಿಯಲ್ಲಿ ಅಮ್ಮ, ಎಂಬ ಮಾತು ಬಂದಾಗ ಅವರು ನನ್ನ ತರ್ಜುಮೆಗೆ ಕಾಯಲಿಲ್ಲ. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗ ಹೇಗೆ ಹೋದ ಎಂದು ದಿನವೂ ಕೇಳುತ್ತಾಳೆ ಎಂದರು.

ಆಮೇಲೆ ದೂರದಲ್ಲಿ ನಿಂತಿದ್ದ ಉಚ್ಚಂಗಮ್ಮನನ್ನು ನೋಡಿದರು. ಈಕೆಯೂ ಇದ್ದಳೇ? ಏನು ಕಂಡಳು, ಕೇಳಿ.

ಕೇಳಿದೆ. ಅವಳು ಹೇಳಿದಳು. ಡಿಸೆಂಬರಿನಲ್ಲಿ ಹೇಳಿದಂತೆಯೇ. ಬೆಂಕಿ, ಕೂಗು, ಕಿವಿ ಮುಚ್ಚಿಕೊಂಡು ಕೂತ ಏಜೆಂಟಪ್ಪ. ಓಂಕಾರಪ್ಪನಿಗೆ ಒಂದೊಂದು ಮಾತೂ ಕೇಳುತ್ತಿತ್ತು. ನೆಲ ನೋಡುತ್ತ ನಿಂತ. ನಂತರ ತಲೆ ಎತ್ತಿ ನನ್ನನ್ನು ನೋಡಿದ.

ಮುದುಕರೂ ನನ್ನನ್ನೇ ನೋಡುತ್ತಿದ್ದರು. ಕೊಡೆಯ ಹಿಡಿಯ ಮೇಲೆ ಎರಡೂ ಕೈ.

ಎರಡು ವರ್ಷದಿಂದ ಕಾದಿದ್ದ ಗಳಿಗೆ. ನಿಜ ನಾಲಿಗೆಯ ತುದಿಯಲ್ಲಿತ್ತು.

ಇಂಗ್ಲಿಷಿನಲ್ಲಿ ಹೇಳಿದೆ: ಈಕೆ ದೂರದಿಂದ ಕಂಡಳಂತೆ. ಇವನು ನಿಮ್ಮ ಮಗನನ್ನು ನೆರಳಿಗೆ ತಂದನಂತೆ. ನೀರು ಕುಡಿಸಿದನಂತೆ. ಬಹಳ ಹೊತ್ತು ನರಳಲಿಲ್ಲವಂತೆ.

ಓಂಕಾರಪ್ಪನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಪಕ್ಕಕ್ಕೆ ತಿರುಗಿದ.

ಗದ್ರೆಯವರು ಅವನ ಎರಡೂ ಅಂಗೈ ಹಿಡಿದು, ಸುಟ್ಟ ಕಲೆಯ ಮೇಲೆ ಹಣೆ ಇಟ್ಟರು. ಎಷ್ಟೋ ಹೊತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಅವನನ್ನೇ ಕೂರಿಸಿಕೊಂಡರು. ಇಳಿಯುವಾಗ ನನ್ನ ಕೈ ಕುಲುಕಿ, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತೀರಿ ಎಂದರು.

ಪತ್ತೆ ಹಚ್ಚಿದವನು ನಾನು. ಕಾಗದ ಬರೆದವನು ನಾನು. ಇವತ್ತು ಹೇಳಿದ ಸುಳ್ಳೂ ನನ್ನದೇ. ಹಣೆ ಇಟ್ಟದ್ದು ಅವನ ಕೈಗೆ. ಒಳ್ಳೆಯದೇ ಮಾಡಿದೆ ಎಂದು ಶಾಂತಾದೇವಿ ಅಂದಳು. ಇರಬಹುದು. ಹೊಟ್ಟೆಯುರಿ ಮಾತ್ರ ಇಷ್ಟೂ ಕಡಿಮೆಯಾಗಿಲ್ಲ.

ಫೆಬ್ರವರಿ ೧೭, ಭಾನುವಾರ

ಓಂಕಾರಪ್ಪ ಬಂದಿದ್ದ. ವಾರದಿಂದ ತಲೆ ತಪ್ಪಿಸಿಕೊಂಡಿದ್ದ. ಚಾಪೆ ಹಾಸಿದರೂ ಕೂರಲಿಲ್ಲ, ಬಾಗಿಲಲ್ಲೇ ನಿಂತ.

"ಆಯಮ್ಮ ಹೇಳಿದ್ದು ನಿಜ ಮೇಷ್ಟ್ರೇ."

"ಗೊತ್ತು. ಡಿಸೆಂಬರಿನಾಗೇ ಕೇಳಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

ನಾನು ಚಾಪೆಯ ಮೇಲೆ ಚಿತ್ರಗಳನ್ನು ಹರಡತೊಡಗಿದೆ. ಅವನೇ ಮುಂದುವರಿಸಿದ.

"ಆವತ್ತು ವಾಪಸ್ ಬಂದಾಗ ಯಾರೋ ಕೇಳಿದ್ರು, ನೀರಾದ್ರೂ ಕುಡಿಸ್ದ್ಯಾ ಅಂತ. ಹೂಂ ಅಂದ್ಬಿಟ್ಟೆ. ಆಮೇಲೆ ಹಂಗೇ ಹೇಳ್ತಾ ಹೋದೆ. ಹೇಳ್ದಷ್ಟು ಹೊತ್ತು ಆ ಕೂಗು ಕೇಳಿಸ್ತಿರ್ಲಿಲ್ಲ, ಅದಕ್ಕೆ. ನೀವು ಇಂಜಿನ್ನು, ನಂಬರ್ರು ಅಂತ ಕೇಳಿದಾಗೆಲ್ಲ ಎದೆ ಧಸಕ್ ಅನ್ನಾದು, ಇವ್ರಿಗೆ ಗೊತ್ತಾಗೈತೆ ಅಂತ."

ಚಾಪೆಯ ಮೇಲಿನ ಚಿತ್ರಗಳನ್ನು ನೋಡಿದ. ಒಂದನ್ನೂ ಮುಟ್ಟಲಿಲ್ಲ.

"ಒಂದು ಕೇಳ್ತೀನಿ. ನೀವಿದ್ದಿದ್ರೆ ಏನ್ ಮಾಡ್ತಿದ್ರಿ?"

ಉತ್ತರಕ್ಕೆ ನಿಲ್ಲದೆ ಹೋದ. ಬಸ್ಸಿನ ಹೊತ್ತಾಗಿತ್ತು.

ಆಗಿನಿಂದ ಹೀಗೇ ಕೂತಿದ್ದೇನೆ. ಶಾಂತಾದೇವಿ ಎರಡು ಸಲ ಊಟಕ್ಕೆ ಕರೆದಳು. ನಾನಿದ್ದಿದ್ದರೆ... ಓಡುತ್ತಿದ್ದೆ, ಅದು ಖಂಡಿತ. ಅವನಿಗಿಂತ ಮುಂಚೆ ಮುಟ್ಟುತ್ತಿದ್ದೆ. ಮೊದಲು ರೆಕ್ಕೆಯ ಮೇಲಿನ ನಂಬರ್ ನೋಡುತ್ತಿದ್ದೆನೇನೋ. ಆಮೇಲೆ —